ಬೆಲೆ ಬರೆಯದ ಚೀಟಿ

ಕೊಲಂಬಸ್, ಓಹಾಯೊ
ನವೆಂಬರ್ 2025

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೊಬ್ಬರಿಯ ಧಾರಣೆ, ಕೆರೆ ಕೋಡಿ ಬಿದ್ದದ್ದು, ಅತ್ತಿಗೆಯ ಮಂಡಿನೋವು ಎಲ್ಲವನ್ನೂ ಎರಡೆರಡು ಸಲ ಓದಿದೆ. ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆಯನ್ನು ಮಾತ್ರ ನಾಲ್ಕೈದು ಸಲ ಓದಿರಬೇಕು. "ನಿಮ್ಮ ದೇಶದ ಕೈಯಲ್ಲಿ ಡಾಲರ್ ಅಚ್ಚು ಹಾಕುವ ಯಂತ್ರವೇ ಇದೆ. ಅದರ ಸಾಲಕ್ಕೆ ನೀನೇಕೆ ನಿದ್ದೆ ಕೆಡಿಸಿಕೊಳ್ಳುತ್ತೀಯ? ಅದೂ ನಿನ್ನ ರಿಪಬ್ಲಿಕನ್ ಪಕ್ಷವೇ ಗದ್ದುಗೆಯ ಮೇಲಿರುವಾಗ?" ಈ ಕೊನೆಯ ಮಾತು ಚುಚ್ಚಿತು. ಉತ್ತರ ತಡವಾದದ್ದು ಅದರಿಂದಲೇ.

ಅಪ್ಪನ ಕಿರಾಣಿ ಅಂಗಡಿ ನಿನಗೆ ನೆನಪಿದೆಯಲ್ಲ. ನಾವಿಬ್ಬರೂ ಬೆಲ್ಲದ ಪಿಂಡಿಯ ಹಿಂದೆ ಕುಳಿತು ಕಡಲೆ ತಿನ್ನುತ್ತಿದ್ದ ಅದೇ ಅಂಗಡಿ. ಉದ್ರಿ ಕೇಳಿ ಬಂದವರನ್ನು ಅಪ್ಪ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಆದರೆ ಬೆಲೆ ಹೇಳದೆ ಪೊಟ್ಟಣವನ್ನೂ ಕಟ್ಟುತ್ತಿರಲಿಲ್ಲ. ಸಕ್ಕರೆಗೆ ಇಷ್ಟು, ಬೇಳೆಗೆ ಇಷ್ಟು, ಹಿಂದಿನ ಬಾಕಿ ಇಷ್ಟು ಎಂದು ಗಟ್ಟಿಯಾಗಿ ಓದಿ, ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡೇ ಸಾಮಾನು ಕೊಡುತ್ತಿದ್ದರು. ಬೆಲೆ ಕೇಳಿಸಿಕೊಂಡ ಮೇಲೆ ಎಷ್ಟೋ ಜನ "ಸಕ್ಕರೆ ಅರ್ಧ ಸೇರು ಸಾಕು ಸ್ವಾಮಿ" ಎನ್ನುತ್ತಿದ್ದರು. ಅಮೆರಿಕದ ಸಾಲದ ಬಗ್ಗೆ ನಾನು ಏನು ಹೇಳಹೊರಟರೂ ಆ ಅಂಗಡಿಯಿಂದಲೇ ಶುರುಮಾಡಬೇಕು.

ನಮ್ಮ ಓಹಾಯೊದಲ್ಲಿ ಒಂದು ಪದ್ಧತಿ ಇದೆ. ಶಾಲೆಗೆ ಹೆಚ್ಚು ಹಣ ಬೇಕಾದರೆ ಶಾಲಾ ಮಂಡಳಿ ಊರಿನವರ ಮುಂದೆ ಬಂದು ಕೇಳಬೇಕು. ಮತಪತ್ರದಲ್ಲೇ ಬರೆದಿರುತ್ತದೆ: ಇಂಥ ಕೆಲಸಕ್ಕೆ, ಇಷ್ಟು ವರ್ಷ, ನಿಮ್ಮ ಮನೆಯ ಬೆಲೆಯ ಮೇಲೆ ಇಷ್ಟು ತೆರಿಗೆ ಹೆಚ್ಚಾಗುತ್ತದೆ, ಒಪ್ಪುತ್ತೀರಾ? ಇದಕ್ಕೆ ಇಲ್ಲಿನವರು ಲೆವಿ ಎನ್ನುತ್ತಾರೆ. ಮಕ್ಕಳು ಶಾಲೆಯಲ್ಲಿದ್ದಾಗಲೂ ಬಿಟ್ಟ ಮೇಲೂ ನಾನು ಹಲವು ಲೆವಿಗಳಿಗೆ ಹೌದು ಎಂದಿದ್ದೇನೆ, ಕೆಲವಕ್ಕೆ ಇಲ್ಲ ಎಂದಿದ್ದೇನೆ. ಹೌದು ಎಂದಾಗ ನನ್ನ ತೆರಿಗೆ ಏರಿತು, ಶಾಲೆಗೆ ಗಣಿತದ ಮೇಷ್ಟರು ಬಂದರು. ಇಲ್ಲ ಎಂದಾಗ ಸಂಗೀತದ ತರಗತಿ ನಿಂತದ್ದನ್ನೂ ಕಣ್ಣಾರೆ ಕಂಡು ನೊಂದಿದ್ದೇನೆ. ಎರಡೂ ನಮ್ಮದೇ ತೀರ್ಮಾನ, ನಾವೇ ಹೊತ್ತೆವು. ರಾಜ್ಯಕ್ಕೂ ಇಂಥದೇ ಕಡಿವಾಣ. ಓಹಾಯೊ ಸಂವಿಧಾನ 1851ರಲ್ಲಿ ಸಾಮಾನ್ಯ ಸಾಲಕ್ಕೆ ಏಳೂವರೆ ಲಕ್ಷ ಡಾಲರಿನ ಮಿತಿ ಹಾಕಿತು. ರಸ್ತೆಗೋ ಶಾಲಾ ಕಟ್ಟಡಕ್ಕೋ ಅದನ್ನು ಮೀರಬೇಕೆಂದಾಗ ಸರ್ಕಾರ ಜನರ ಬಳಿಗೆ ಹೋಗಿ ತಿದ್ದುಪಡಿಗೆ ಒಪ್ಪಿಗೆ ಪಡೆಯುತ್ತ ಬಂದಿದೆ. ಕರ್ನಾಟಕವೂ 2002ರಲ್ಲಿ, ಕೇಂದ್ರಕ್ಕಿಂತ ಮೊದಲೇ, ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಮಾಡಿಕೊಂಡಿತು ಎಂದು ನೀನೇ ಒಮ್ಮೆ ಹೆಮ್ಮೆಯಿಂದ ಬರೆದಿದ್ದೆ.

ವಾಷಿಂಗ್ಟನ್‌ನಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳುವುದಿಲ್ಲ. ಅಲ್ಲಿ ಸಾಮಾನು ಕಟ್ಟಿ ಕೊಡುತ್ತಾರೆ, ಬೆಲೆ ಹೇಳುವುದಿಲ್ಲ, ಇನ್ನೂ ಮತದಾನದ ವಯಸ್ಸಿಗೆ ಬಾರದವರ ಹೆಸರಿನಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕಳೆದ ತಿಂಗಳು ಆ ಬಾಕಿ 38 ಲಕ್ಷ ಕೋಟಿ ಡಾಲರ್ ದಾಟಿತು. ತಲೆಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದು ಲಕ್ಷ ಡಾಲರಿಗೂ ಹೆಚ್ಚು. ನನ್ನ ಮೊಮ್ಮಗಳಿಗೆ ಈಗ ಎರಡು ವರ್ಷ. ಅವಳ ಹೆಬ್ಬೆಟ್ಟನ್ನು ಯಾರು ಒತ್ತಿಸಿಕೊಂಡರು?

ಇಲ್ಲಿ ನನ್ನಂಥ ಕನ್ಸರ್ವೇಟಿವ್, ಅಂದರೆ ಸಂಪ್ರದಾಯವಾದಿ, ಎಂದರೆ ನೀವು ಟಿ.ವಿ.ಯಲ್ಲಿ ನೋಡುವ ಕೂಗಾಟವಷ್ಟೇ ಅಲ್ಲ, ಗೆಳೆಯ. ನಾನು 1994ರಲ್ಲಿ ಬಂದಾಗ ನಮ್ಮ ಕ್ಷೇತ್ರದ ಪ್ರತಿನಿಧಿ ಜಾನ್ ಕೇಸಿಕ್ ಎಂಬ ರಿಪಬ್ಲಿಕನ್, ಅಂಚೆಯವನ ಮಗ. ಮರುವರ್ಷ ಅವರು ಪ್ರತಿನಿಧಿ ಸಭೆಯ ಬಜೆಟ್ ಸಮಿತಿಯ ಅಧ್ಯಕ್ಷರಾದರು. ಆಯವ್ಯಯ ಸರಿತೂಗಬೇಕು ಎಂಬುದು ಅವರಿಗೆ ವ್ರತದಂತಿತ್ತು. 1997ರಲ್ಲಿ ಅವರ ಪಕ್ಷ ಅಧ್ಯಕ್ಷ ಕ್ಲಿಂಟನ್ ಜೊತೆ ಒಪ್ಪಂದಕ್ಕೆ ಬಂತು. 1998ರಲ್ಲಿ, 1969ರ ನಂತರ ಮೊದಲ ಬಾರಿಗೆ, ಕೇಂದ್ರ ಬಜೆಟ್ಟಿನಲ್ಲಿ ಹಣ ಉಳಿಯಿತು: 6,900 ಕೋಟಿ ಡಾಲರ್. 2000ದಲ್ಲಿ ಅದು 23,600 ಕೋಟಿಗೆ ಏರಿತು. ಲೆಕ್ಕಪತ್ರದ ಕೆಲಸ ಮಾಡುತ್ತಿದ್ದ ನನಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಈ ದೇಶದಲ್ಲಿ ನಾನು ಯಾವ ಬಣದವನು ಎಂದು ತೀರ್ಮಾನಿಸಿದ್ದೂ ಆಗಲೇ.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಆ ಉಳಿತಾಯ ಕೇಸಿಕ್ ಒಬ್ಬರದಲ್ಲ. 1990ರಲ್ಲಿ ಹಿರಿಯ ಬುಷ್ ಹೊಸ ತೆರಿಗೆ ಹಾಕುವುದಿಲ್ಲವೆಂಬ ತಮ್ಮ ಮಾತನ್ನೇ ಮುರಿದು ತೆರಿಗೆ ಏರಿಸಿದ್ದರು. 1993ರಲ್ಲಿ ಕ್ಲಿಂಟನ್ ಮತ್ತೆ ಏರಿಸಿದಾಗ ರಿಪಬ್ಲಿಕನ್ನರ ಒಂದು ಮತವೂ ಅದಕ್ಕೆ ಬೀಳಲಿಲ್ಲ. ಶೀತಲ ಸಮರ ಮುಗಿದು ಸೇನೆಯ ಖರ್ಚು ಇಳಿದಿತ್ತು, ಷೇರುಪೇಟೆ ಉಬ್ಬಿ ತೆರಿಗೆ ಹರಿದುಬರುತ್ತಿತ್ತು. ಖರ್ಚಿಗೆ ಕಡಿವಾಣ ಹಾಕಿದವರೂ ತೆರಿಗೆ ಏರಿಸಿದವರೂ ಇಬ್ಬರೂ ಸೇರಿಯೇ ಅದಾಯಿತು. ನಮ್ಮವರು ಸತ್ಯದ ಈ ಅರ್ಧ ಭಾಗವನ್ನು ಇಂದಿಗೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ನನಗೆ ಬೇಸರ.

2001ರ ಜನವರಿಯಲ್ಲಿ ಸಂಸತ್ತಿನ ಬಜೆಟ್ ಕಚೇರಿ ಮುಂದಿನ ಹತ್ತು ವರ್ಷಗಳಲ್ಲಿ 5.6 ಲಕ್ಷ ಕೋಟಿ ಡಾಲರ್ ಉಳಿಯುತ್ತದೆಂದು ಅಂದಾಜು ಮಾಡಿತ್ತು. ಸರ್ಕಾರದ ಸಾಲಪತ್ರಗಳೇ ಇಲ್ಲವಾದರೆ ಏನು ಗತಿ ಎಂದು ದೊಡ್ಡವರು ಗಂಭೀರವಾಗಿ ಚರ್ಚಿಸಿದರು. ಆ ಅಕ್ಟೋಬರಿನಲ್ಲಿ ಖಜಾನೆ ಮೂವತ್ತು ವರ್ಷದ ಬಾಂಡ್ ಮಾರುವುದನ್ನೇ ನಿಲ್ಲಿಸಿತು. ಐದು ವರ್ಷ ಕಳೆಯುವುದರೊಳಗೆ ಅದನ್ನು ಮತ್ತೆ ಮಾರಲು ಕುಳಿತರು.

ನಡುವೆ ಆದದ್ದೇನು? ನಮ್ಮವರೇ ಆಳುತ್ತಿದ್ದರು. 2001ರಲ್ಲಿ ತೆರಿಗೆ ಇಳಿಸಿದರು. ಅಫ್ಘಾನಿಸ್ತಾನಕ್ಕೆ ಸೈನ್ಯ ಹೋಯಿತು, ಇರಾಕಿಗೆ ಹೋಯಿತು. 2003ರಲ್ಲಿ ಯುದ್ಧ ನಡೆಯುತ್ತಿರುವಾಗಲೇ ತೆರಿಗೆಯನ್ನು ಮತ್ತೆ ಇಳಿಸಿದರು. ಅದೇ ನವೆಂಬರಿನಲ್ಲಿ ವೃದ್ಧರ ಔಷಧಿಗೆ ಹೊಸ ಯೋಜನೆ ತಂದರು. ಬೆಳಗಿನ ಜಾವ ಸುಮಾರು ಮೂರು ಗಂಟೆಗಳ ಕಾಲ ಮತದಾನವನ್ನು ತೆರೆದಿಟ್ಟು, ಒಪ್ಪದ ಸದಸ್ಯರನ್ನು ಒಲಿಸಿ, 220ಕ್ಕೆ 215 ಮತಗಳಿಂದ ಗೆಲ್ಲಿಸಿಕೊಂಡರು. ನನ್ನ ನೆರೆಯ ಮುದುಕಿಗೆ ಆ ಔಷಧಿ ಬೇಕಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆಯನ್ನು ಹೊಸ ತೆರಿಗೆಯಾಗಿಯೋ ಬೇರೊಂದು ಖರ್ಚಿನ ಕಡಿತವಾಗಿಯೋ ಆವತ್ತೇ ಜನರಿಗೆ ತೋರಿಸಬೇಕಿತ್ತು. ತೋರಿಸಲಿಲ್ಲ.

ಹಾಗಾಗಿ ಖರ್ಚು ಇಳಿಸದೆ ತೆರಿಗೆ ಮಾತ್ರ ಇಳಿಸುವುದನ್ನು ನಾನು ತೆರಿಗೆ ಕಡಿತ ಎಂದು ಕರೆಯುವುದೇ ಇಲ್ಲ. ಅದು ತೆರಿಗೆಯ ಮುಂದೂಡಿಕೆ. ಬಡ್ಡಿ ಸಮೇತ ಬೇರೆಯವರ ಮನೆಬಾಗಿಲಿಗೆ ಕಳಿಸಿದ ರಶೀದಿ. ಈ ಮಾತಿಗೆ ನಮ್ಮ ಗುಂಪಿನಲ್ಲಿ ಎರಡು ಸಲ ಬೈಸಿಕೊಂಡಿದ್ದೇನೆ. ಅಧ್ಯಕ್ಷ ಐಸೆನ್‌ಹೋವರ್ ಕೂಡ ರಿಪಬ್ಲಿಕನ್ ಆಗಿದ್ದರು. ಬಜೆಟ್ ಸರಿತೂಗುವವರೆಗೆ ತೆರಿಗೆ ಇಳಿಸಲಾರೆ ಎಂದು ಸ್ವಂತ ಪಕ್ಷದವರ ಮುಂದೆ ಹಟ ಹಿಡಿದ ಅವರು ಎಂಟು ವರ್ಷಗಳಲ್ಲಿ ಮೂರು ಬಾರಿ ಹಣ ಉಳಿಸಿದರು. 1961ರ ವಿದಾಯ ಭಾಷಣದಲ್ಲಿ ಮೊಮ್ಮಕ್ಕಳ ಆಸ್ತಿಯನ್ನು ನಾವು ಅಡವಿಡಬಾರದು ಎಂದರು. ನಾನು ಕನ್ಸರ್ವೇಟಿವ್ ಎನ್ನುವುದು ಅವರ ಸಾಲಿನಲ್ಲಿ ನಿಂತು. ರೇಗನ್ ಬಗ್ಗೆ ನನಗೆ ಗೌರವವಿದೆ. ಆದರೆ ಸಾವಿರ ಡಾಲರಿನ ನೋಟುಗಳನ್ನು ಪೇರಿಸಿದರೆ ಒಂದು ಲಕ್ಷ ಕೋಟಿ 67 ಮೈಲಿ ಎತ್ತರವಾಗುತ್ತದೆ ಎಂದು 1981ರಲ್ಲಿ ಎಚ್ಚರಿಸಿದ ಅವರ ಆಳ್ವಿಕೆ ಮುಗಿಯುವಷ್ಟರಲ್ಲಿ ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು.

2009ರ ಬಜೆಟ್ ಕೊರತೆ 1.4 ಲಕ್ಷ ಕೋಟಿ ಡಾಲರ್. ಆ ಏಪ್ರಿಲ್ 15ರಂದು, ತೆರಿಗೆ ಸಲ್ಲಿಸುವ ಕೊನೆಯ ದಿನ, ಸರ್ಕಾರದ ಖರ್ಚು, ಸಾಲಗಳ ವಿರುದ್ಧ ಎದ್ದ ಟೀ ಪಾರ್ಟಿ ಚಳವಳಿಯ ಸಭೆಗೆ ನಾನೂ ಹೋಗಿ ನಿಂತಿದ್ದೆ. ಕೈಯಲ್ಲಿ ರಟ್ಟಿನ ಫಲಕ ಹಿಡಿದ ನಿವೃತ್ತ ಮೇಷ್ಟರು, ಲಾರಿ ಚಾಲಕರು, ಸಣ್ಣ ಅಂಗಡಿಯವರು. ನನ್ನ ಬಣ್ಣ ನೋಡಿ ಯಾರೂ ಮುಖ ಸಿಂಡರಿಸಲಿಲ್ಲ. ಅವರ ಸಿಟ್ಟು ನಿಜವಾದದ್ದು ಎಂದು ಇಂದೂ ನಂಬುತ್ತೇನೆ. ಮರುವರ್ಷ ಸಿಂಪ್ಸನ್ ಮತ್ತು ಬೌಲ್ಸ್ ನೇತೃತ್ವದ ಆಯೋಗ ಖರ್ಚೂ ಇಳಿಯಲಿ, ತೆರಿಗೆಯೂ ಏರಲಿ ಎಂದು ಒಂದು ದಾರಿ ಹಾಕಿಕೊಟ್ಟಿತು. ಅದು ಸಂಸತ್ತಿನ ಮುಂದೆ ಬರಲು 18 ಸದಸ್ಯರಲ್ಲಿ 14 ಜನ ಒಪ್ಪಬೇಕಿತ್ತು. ಒಪ್ಪಿದ್ದು 11 ಜನ. ಒಕ್ಲಹೋಮದ ಸೆನೆಟರ್ ಟಾಮ್ ಕೋಬರ್ನ್, ವೃತ್ತಿಯಿಂದ ವೈದ್ಯರು, ಸರ್ಕಾರದ ಪೋಲು ಖರ್ಚನ್ನು ಪಟ್ಟಿ ಮಾಡಿ ಬಯಲಿಗಿಡುತ್ತಿದ್ದ ಕಟ್ಟಾ ಕನ್ಸರ್ವೇಟಿವ್, ಹೌದು ಎಂದರು. ನಾವು ತುಂಬ ಭರವಸೆ ಇಟ್ಟಿದ್ದ ರಿಪಬ್ಲಿಕನ್ ಪ್ರತಿನಿಧಿ ಪಾಲ್ ರಯಾನ್ ಇಲ್ಲ ಎಂದರು. ಆ ದಿನ ಕೈತಪ್ಪಿದ್ದು ಮತ್ತೆ ಸಿಕ್ಕಿಲ್ಲ.

ಈ ವರ್ಷದ ಕಥೆ ನಿನಗೆ ಗೊತ್ತಿರುವುದೇ. ಜುಲೈನಲ್ಲಿ ಬಂದ ಟ್ರಂಪ್ ಸರ್ಕಾರದ ತೆರಿಗೆ ಮತ್ತು ಖರ್ಚಿನ ದೊಡ್ಡ ಮಸೂದೆ ಹತ್ತು ವರ್ಷಗಳಲ್ಲಿ ಕೊರತೆಗೆ 3.4 ಲಕ್ಷ ಕೋಟಿ ಸೇರಿಸುತ್ತದೆ ಎಂದು ಬಜೆಟ್ ಕಚೇರಿ ಲೆಕ್ಕ ಹಾಕಿತು. ಸಾಲದ ಮಿತಿಯನ್ನು ಒಂದೇ ಏಟಿಗೆ 5 ಲಕ್ಷ ಕೋಟಿ ಏರಿಸಿದರು. ಸೆನೆಟ್‌ನಲ್ಲಿ ಮತಗಳು ಸಮವಾದಾಗ ನಿರ್ಣಾಯಕ ಮತ ಹಾಕಿದ ಉಪಾಧ್ಯಕ್ಷ ವ್ಯಾನ್ಸ್ ನಮ್ಮ ಓಹಾಯೊದವರು. ನದಿಯ ಆಚೆ ಕೆಂಟಕಿಯ ಇಬ್ಬರು ರಿಪಬ್ಲಿಕನ್ನರು, ಸೆನೆಟರ್ ರ್‍ಯಾಂಡ್ ಪಾಲ್ ಮತ್ತು ಪ್ರತಿನಿಧಿ ಥಾಮಸ್ ಮ್ಯಾಸಿ, ಸಾಲದ ಕಾರಣ ಕೊಟ್ಟೇ ವಿರುದ್ಧ ಮತ ಹಾಕಿದರು. ಮ್ಯಾಸಿ ಕೋಟಿನ ಮೇಲೆ ಕ್ಷಣಕ್ಷಣಕ್ಕೂ ಸಾಲದ ಮೊತ್ತ ಓಡುವ ಬಿಲ್ಲೆಯನ್ನು ಸಿಕ್ಕಿಸಿಕೊಂಡು ತಿರುಗುತ್ತಾರೆ. ಅವರ ಎಲ್ಲ ನಿಲುವುಗಳೂ ನನಗೆ ಒಪ್ಪಿಗೆಯಲ್ಲ. ಆದರೂ ಆ ವಾರ ನನ್ನ ಪರವಾಗಿ ಮಾತಾಡಿದವರು ಪಕ್ಕದ ರಾಜ್ಯದವರು ಎಂಬುದು ನೋವಿನ ಸಂಗತಿ.

ಇನ್ನು ನಿನ್ನ ಅಚ್ಚು ಯಂತ್ರದ ಮಾತು. ಡಾಲರ್ ಅಚ್ಚು ಹಾಕಿದರೆ ಈ ಸಾಲಕ್ಕೆ ಅಮೆರಿಕ ದಿವಾಳಿಯಾಗುವುದಿಲ್ಲ, ನಿಜ. ಆದರೆ ಡಾಲರಿನ ಬೆಲೆಯೇ ಕುಸಿಯುತ್ತದೆ, ಕೂಡಿಟ್ಟವನ ಹಣ ಕರಗುತ್ತದೆ. ಅದು ಯಾವ ಮತಪತ್ರದಲ್ಲೂ ಬರದ ತೆರಿಗೆ. ಅಚ್ಚು ಹಾಕದಿದ್ದರೆ ಉಳಿಯುವ ದಾರಿ ಒಂದೇ. ನಿನ್ನ ಸಹಕಾರ ಸಂಘದಲ್ಲಿ ಮಾರ್ಚ್ ತಿಂಗಳು ನಡೆಯುತ್ತದಲ್ಲ, ನವೀಕರಣ, ಹಳೆಯ ಬೆಳೆಸಾಲ ಕಟ್ಟಿಸಿಕೊಂಡಂತೆ ಬರೆದು ಹೊಸದಾಗಿ ಕೊಟ್ಟಂತೆ ಬರೆಯುವುದು, ಇಲ್ಲಿನ ಖಜಾನೆ ವಾರವಾರವೂ ಮಾಡುವುದು ಅದನ್ನೇ. ಅವಧಿ ಮುಗಿದ ಬಾಂಡಿಗೆ ಹಣ ಕೊಡಲು ಹೊಸ ಬಾಂಡ್ ಹರಾಜು ಹಾಕುತ್ತದೆ. 2020ರಲ್ಲಿ ಹತ್ತು ವರ್ಷದ ಬಾಂಡಿನ ಬಡ್ಡಿ ಒಂದು ಶೇಕಡಕ್ಕಿಂತ ಕಡಿಮೆ ಇತ್ತು. 2023ರ ಅಕ್ಟೋಬರಿನಲ್ಲಿ ಅದು ಐದನ್ನು ಮುಟ್ಟಿತು. ಅಗ್ಗದ ಸಾಲ ಒಂದೊಂದಾಗಿ ತೀರಿ ಅದರ ಜಾಗಕ್ಕೆ ದುಬಾರಿ ಸಾಲ ಬಂದು ಕೂರುತ್ತಿದೆ. ಹೊಸದಾಗಿ ಒಂದು ಕಾಸು ಖರ್ಚು ಮಾಡದಿದ್ದರೂ ಬಡ್ಡಿ ಏರುತ್ತದೆ. 2024ರಲ್ಲಿ ನಿವ್ವಳ ಬಡ್ಡಿಯೇ ಸುಮಾರು 88,000 ಕೋಟಿ ಡಾಲರ್, ಇಡೀ ಸೇನೆಯ ಖರ್ಚಿಗಿಂತ ಹೆಚ್ಚು. ಆ ಹಣದಿಂದ ಒಂದು ಸೇತುವೆ ಕಟ್ಟಲಿಲ್ಲ, ಒಬ್ಬ ಬಡವನಿಗೆ ಔಷಧಿ ಸಿಗಲಿಲ್ಲ. ಖರ್ಚು ಕಡಿತ ಬಡವರ ಹೊಟ್ಟೆಗೆ ಹೊಡೆಯುತ್ತದೆ ಎಂದು ಬರೆದಿದ್ದೆಯಲ್ಲ, ನೋಡು, ಬಡ್ಡಿ ಈಗಾಗಲೇ ಹೊಡೆಯುತ್ತಿದೆ.

ಎಲ್ಲಿ ಇಳಿಸಬೇಕು ಎಂದು ಕೇಳಿದರೆ ನಾನು ನನ್ನ ಮನೆಯಿಂದಲೇ ಶುರುಮಾಡುತ್ತೇನೆ. ಸೋಷಿಯಲ್ ಸೆಕ್ಯೂರಿಟಿಯ ವೃದ್ಧಾಪ್ಯ ನಿಧಿ 2033ರಲ್ಲಿ ಬರಿದಾಗುತ್ತದೆ, ಆಮೇಲೆ ಬರುವ ಆದಾಯ ಭರವಸೆ ಕೊಟ್ಟ ಪಿಂಚಣಿಯ ಶೇಕಡ 77ಕ್ಕೆ ಮಾತ್ರ ಸಾಕು ಎಂದು ಅದರ ಧರ್ಮದರ್ಶಿಗಳೇ ಈ ವರ್ಷದ ವರದಿಯಲ್ಲಿ ಹೇಳಿದ್ದಾರೆ. ನನಗೆ ಬೇರೆ ಉಳಿತಾಯವಿದೆ, ಮನೆ ನನ್ನದು. ನನ್ನಂಥವರ ಪಿಂಚಣಿ ಈಗಲೇ ತುಸು ಇಳಿಯಲಿ, ಅದನ್ನೇ ನಂಬಿ ಬದುಕುವ ವಿಧವೆಯದು ಪೂರ್ತಿ ಉಳಿಯಲಿ. ನನ್ನ ತೆರಿಗೆಯೂ ಏರಲಿ. ಹೆಂಡತಿಯ ಜೊತೆ ಕುಳಿತು ನಮಗೆ ತಿಂಗಳಿಗೆ ಎಷ್ಟು ಕಡಿಮೆಯಾದೀತು ಎಂದು ಲೆಕ್ಕ ಹಾಕಿದೆವು. ಕಷ್ಟವಾಗುತ್ತದೆ, ಆದರೆ ತಡೆದುಕೊಳ್ಳಬಹುದು. ಆ ಲೆಕ್ಕದ ಹಾಳೆಯನ್ನೇ ಲಗತ್ತಿಸಿ ನಮ್ಮ ಇಬ್ಬರು ಸೆನೆಟರುಗಳಿಗೂ ಪ್ರತಿನಿಧಿಗೂ ಈ ವಾರ ಪತ್ರ ಹಾಕಿದ್ದೇನೆ. ನನ್ನಿಂದ ಕಡಿಮೆ ಮಾಡಿ ಎಂದು ಕೇಳಿ ಬರೆದ ಪತ್ರ ಅವರಿಗೆ ಎಷ್ಟು ಬರುತ್ತವೋ ಗೊತ್ತಿಲ್ಲ, ನನ್ನದು ಒಂದು ಇರಲಿ.

ಜನವರಿಯ ಕೊನೆಗೆ ಊರಿಗೆ ಬರುತ್ತಿದ್ದೇವೆ, ಮೊಮ್ಮಗಳೂ ಜೊತೆಗಿರುತ್ತಾಳೆ. ಅಪ್ಪನ ಉದ್ರಿ ಪುಸ್ತಕಗಳು ಅಟ್ಟದ ಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿವೆ ಎಂದು ತಮ್ಮ ಹೇಳಿದ. ಗೆದ್ದಲು ಹಿಡಿಯುವ ಮೊದಲು ನೀನೊಮ್ಮೆ ಹೋಗಿ ಇಳಿಸಿ, ಬಿಸಿಲಿಗೆ ಹಾಕಿಸು. ನಿಮ್ಮ ತಾತನ ಹೆಬ್ಬೆಟ್ಟು ಅದರಲ್ಲಿ ಎಷ್ಟು ಕಡೆ ಇದೆಯೋ ಇಬ್ಬರೂ ಕುಳಿತು ನೋಡೋಣ.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ,
ಹಳೆಯ ಗೆಳೆಯ