ಹ್ಯಾಂಡೋವರ್ ಆಗದ ಬಡಾವಣೆಯಿಂದ ಉಸ್ತುವಾರಿ ಸಚಿವರಿಗೊಂದು ಪತ್ರ

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ.

ನಮ್ಮ ಬಡಾವಣೆಯ ಒಳಚರಂಡಿಯ ಬಗ್ಗೆ ಈ ಪತ್ರ ಯಾರ ಹೆಸರಿಗೆ ಬರೆಯಬೇಕು ಅಂತ ಗೊತ್ತಾಗುವುದಕ್ಕೇ ಎರಡು ದಿನ ಹಿಡಿಯಿತು. ನಮ್ಮ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಟ್ಟ ಪ್ರಾಧಿಕಾರ ನಗರಾಭಿವೃದ್ಧಿ ಇಲಾಖೆಗೆ ಸೇರಿದ್ದು. ಈಗ ಕಂದಾಯ ಕಟ್ಟಿಸಿಕೊಳ್ಳುವ ಸ್ಥಳೀಯ ಸಂಸ್ಥೆ ಪೌರಾಡಳಿತಕ್ಕೆ. ನಾನು ಮನೆ ಕಟ್ಟಿದಾಗ ಇದ್ದ ಗ್ರಾಮ ಪಂಚಾಯಿತಿ ಗ್ರಾಮೀಣಾಭಿವೃದ್ಧಿಗೆ. ಮೂರು ಇಲಾಖೆ, ಒಂದು ಚರಂಡಿ. ಮೂರನ್ನೂ ಒಂದೇ ಮೇಜಿನ ಮುಂದೆ ಕೂರಿಸುವ ಶಕ್ತಿ ಇರುವುದು ನಿಮಗೆ ಅಂತ ನಿಮಗೇ ಬರೆಯುತ್ತಿದ್ದೇನೆ.

ಮೈಸೂರಿನ ರಿಂಗ್ ರಸ್ತೆ ದಾಟಿದರೆ ಸಿಗುವ ಖಾಸಗಿ ಬಡಾವಣೆಗಳಲ್ಲಿ ನಮ್ಮದೂ ಒಂದು. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ನಮ್ಮ ಬೀದಿಗೊಂದು ಚರಂಡಿ ತೊಳೆಯುವ ಜೆಟ್ಟಿಂಗ್ ಯಂತ್ರ ಬಂದು, ಫೋಟೋ ತೆಗೆಸಿಕೊಂಡು ಹೋಗುತ್ತದೆ. ಪಕ್ಕದ ಬಡಾವಣೆಯವರು ನೋಡುತ್ತಾ ನಿಲ್ಲುತ್ತಾರೆ. ನನಗೆ ಬೇಕಾದದ್ದು ಅದಲ್ಲ.

2020ರ ಕೊನೆಗೆ ಸರ್ಕಾರ ಊರ ಅಂಚಿನ ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ಹೂಟಗಳ್ಳಿಗೆ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಕ್ಕೆ ಪಟ್ಟಣ ಪಂಚಾಯಿತಿ ಕೊಟ್ಟಿತು. ನಾವು ಸಂತೋಷಪಟ್ಟೆವು, ಸುಳ್ಳು ಹೇಳುವುದಿಲ್ಲ. ನಮ್ಮ ಕಡೆಯ ಕಚೇರಿಯ ಬೋರ್ಡಿನಲ್ಲಿ ‘ಗ್ರಾಮ’ದ ಮೇಲೆ ಸುಣ್ಣ ಬಳಿದು ‘ಪಟ್ಟಣ’ ಬರೆದರು. ಮಳೆ ಬಂದು ಬಣ್ಣ ನೆನೆದಾಗ ಒಳಗಿನ ‘ಗ್ರಾಮ’ ಈಗಲೂ ಕಾಣಿಸುತ್ತದೆ. ಕಾಗದವೂ ಹಾಗೇ. ಮೊದಲು ಗ್ರಾಮ ಪಂಚಾಯಿತಿ ಆಸ್ತಿಗಳ ಇ-ಸ್ವತ್ತಿನಲ್ಲಿ ನಮೂನೆ 9, 11 ಮಾಡಿಸಿಕೊಂಡಿದ್ದೆ. ಅದು ನಡೆಯೋದಿಲ್ಲ, ಪಟ್ಟಣದ ಆಸ್ತಿಗಳ ಇ-ಆಸ್ತಿಯಲ್ಲಿ ನಮೂನೆ 3 ಬೇಕು ಅಂದರು. ಓಡಾಡಿದೆ, ಸಿಕ್ಕಿತು. ಈಗ ಇವೆಲ್ಲವನ್ನೂ ಮಹಾನಗರ ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು. ಇನ್ನೊಂದು ಕಾಗದಕ್ಕೂ ನಾನು ತಯಾರು. ಅದಕ್ಕೆ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿಸಿ: ನಮ್ಮ ಬೀದಿಯ ಕೊನೆಯ ಮ್ಯಾನ್‌ಹೋಲ್‌ನಿಂದ ನೀರು ಎಲ್ಲಿಗೆ ಹೋಗುತ್ತದೆ, ಅದಕ್ಕೆ ಜವಾಬ್ದಾರರು ಯಾರು?

ಆ ಮ್ಯಾನ್‌ಹೋಲ್ ಇರುವುದು ಎಂಟನೇ ಕ್ರಾಸಿನ ತುದಿಯಲ್ಲಿ, ಬಡಾವಣೆಯ ತಂತಿಬೇಲಿಗೆ ಹತ್ತು ಹೆಜ್ಜೆ ಈಚೆಗೆ. ಸೈಟು ಮಾರುವಾಗ ‘ಯುಜಿಡಿ ಸೌಲಭ್ಯವುಳ್ಳ’, ಅಂದರೆ ಒಳಚರಂಡಿ ಇರುವ, ಅಂತ ಬ್ರೋಷರಿನಲ್ಲಿತ್ತು. ಸೌಲಭ್ಯ ಇದೆ, ಪೈಪೂ ಇದೆ. ಬೇಲಿ ದಾಟಿದ ಮೇಲೆ ಅದು ಯಾವ ಮುಖ್ಯ ಲೈನಿಗೂ ಸೇರದೆ ಮಳೆನೀರಿನ ಹಳ್ಳಕ್ಕೆ ಬಾಯಿ ಬಿಟ್ಟುಕೊಂಡಿದೆ, ಅಷ್ಟೆ. ಹಳ್ಳ ಹೋಗಿ ಸೇರುವುದು ಕೆರೆಗೆ. ಜೋರು ಮಳೆಗೆ ನೀರು ಹಿಮ್ಮೆಟ್ಟಿ ಮುಚ್ಚಳ ಎದ್ದು ಕೂರುತ್ತದೆ. ಸ್ಕೂಟರಿನವರು ಬೀಳದಿರಲಿ ಅಂತ ಎದುರು ಮನೆಯವರು ಒಂದು ಬೇವಿನ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾರೆ. ಹೋದ ಗಣೇಶನ ಹಬ್ಬದ ಹಿಂದಿನ ದಿನ ಆ ನೀರು ಅವರ ರಂಗೋಲಿ ದಾಟಿ ಮೆಟ್ಟಿಲಿಗೆ ಬಂತು. ಪೌರಕಾರ್ಮಿಕನಲ್ಲದ, ಯಾರೋ ಕರೆತಂದ ಇಪ್ಪತ್ತರ ಹುಡುಗನೊಬ್ಬ ಅಂಗಿ ಬಿಚ್ಚಿ, ‘ಎರಡು ಸಾವಿರ ಕೊಡಿ ಸಾರ್, ಇಳಿದು ತೆಗೆದುಬಿಡ್ತೀನಿ’ ಅಂದ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಇರುವುದು ಇದನ್ನು ತಡೆಯಲಿಕ್ಕೇ. ಅವನಿಗೆ ಕಾಫಿ ಕೊಟ್ಟು ಕಳಿಸಿದೆವು. ಕಳಿಸಿದ್ದಕ್ಕೆ ನಮ್ಮಲ್ಲೇ ಇಬ್ಬರು ಬೈದರು ಅನ್ನೋದನ್ನೂ ಬರೆದುಬಿಡುತ್ತೇನೆ.

ಮಾರನೇ ವಾರ ಅರ್ಜಿ ಹಿಡಿದು ಕಚೇರಿಗಳಿಗೆ ಹೋದೆವು. ಒಂದು ಕಡೆ, ‘ನಿಮ್ಮ ಲೇಔಟ್ ನಮಗೆ ಹ್ಯಾಂಡೋವರ್ ಆಗಿಲ್ಲ.’ ಇನ್ನೊಂದು ಕಡೆ, ‘ನಾವು ಹ್ಯಾಂಡೋವರ್ ಮಾಡಿ ಆಯ್ತಲ್ಲ.’ ಲೇಔಟ್ ಮಾಡಿದವರ ಫೋನು ಸ್ವಿಚ್ಡ್ ಆಫ್. ಲೇಔಟನ್ನು ಸ್ಥಳೀಯ ಸಂಸ್ಥೆಯ ಸುಪರ್ದಿಗೆ ಒಪ್ಪಿಸುವ ಈ ‘ಹ್ಯಾಂಡೋವರ್’ ಅನ್ನೋ ಪದವನ್ನು ರಿಂಗ್ ರಸ್ತೆ ಆಚೆಗಿನ ಮಕ್ಕಳೂ ಕಲಿತಿದ್ದಾರೆ. ಕಂದಾಯ ಮಾತ್ರ ಹ್ಯಾಂಡೋವರ್‌ಗೆ ಕಾಯಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಸಿಗುತ್ತದೆ ಅಂತ ಮೊದಲ ವಾರವೇ ಕಟ್ಟುವವನು ನಾನು.

ಗ್ರಾಮ ಪಂಚಾಯಿತಿ ಇದ್ದಾಗ ಸದಸ್ಯ ಅಂತ ಒಬ್ಬ ಸಿಗುತ್ತಿದ್ದ. ಟೀ ಅಂಗಡಿಯಲ್ಲಿ ಹಿಡಿದು ಕೇಳಬಹುದಿತ್ತು, ಸುಳ್ಳಾದರೂ ಹೇಳುತ್ತಿದ್ದ. ‘ಪಟ್ಟಣ’ವಾದ ಮೇಲೆ ನಾವು ವೋಟು ಹಾಕಿ ಕಳಿಸಿದವರು ಒಬ್ಬರೂ ಇಲ್ಲ. ನಗರ ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿಯೂ 2023ರ ನವೆಂಬರ್‌ನಲ್ಲಿ ಮುಗಿಯಿತು.

ನಾನು ಬೆಳೆದದ್ದು ಲಕ್ಷ್ಮೀಪುರಂನಲ್ಲಿ. ಹಳೆಯ ಮನೆಯ ಹಿತ್ತಲ ಬಾಗಿಲು ತೆಗೆದರೆ ಕನ್ಸರ್ವೆನ್ಸಿ, ಅಂದರೆ ಮನೆಗಳ ಹಿಂದೆ ಕೊಳೆ ಸಾಗಿಸಲು ಬಿಟ್ಟ ಓಣಿ. ಚಿಕ್ಕಂದಿನಲ್ಲಿ ಅದು ನಮಗೆ ಕ್ರಿಕೆಟ್ ಪಿಚ್. ಮನೆ ಕಟ್ಟುವ ಮೊದಲೇ ಕೊಳೆ ಹೋಗುವ ದಾರಿಗೆ ಜಾಗ ಬಿಟ್ಟಿದ್ದಾರೆ ಅನ್ನೋದು ಹೊಳೆದದ್ದು ಅರವತ್ತು ದಾಟಿದ ಮೇಲೆ, ಈ ಎಂಟನೇ ಕ್ರಾಸಿನಲ್ಲಿ ಮೂಗು ಮುಚ್ಚಿಕೊಂಡು ನಿಂತಾಗ. ಪ್ಲೇಗು ಊರನ್ನು ಹಿಂಡಿದ ಮೇಲೆ, 1903ರಲ್ಲಿ, ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಮಾಡಿದ ಊರು ಇದು. ಅದೇ ಟ್ರಸ್ಟ್ ಬೋರ್ಡ್, ಸಿಐಟಿಬಿ, ಮುಂದೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಆಯಿತು. ಮುಡಾ ಅಂದ ಕೂಡಲೇ ಎಲ್ಲರಿಗೂ 50:50 ಸೈಟು ಹಂಚಿಕೆಯ ವಿವಾದ ನೆನಪಾಗುತ್ತದೆ. ಆ ರಾಮಾಯಣ ನನಗೆ ಬೇಡ. ಸೈಟಿನ ಜಗಳ ಅಷ್ಟು ವರ್ಷ ಪೇಪರಿನ ಮೊದಲ ಪುಟದಲ್ಲಿ ನಡೆಯಿತು, ಪೈಪು ಒಂದು ದಿನವೂ ಅಲ್ಲಿಗೆ ಬರಲಿಲ್ಲ ಅನ್ನೋದಷ್ಟೇ ನನ್ನ ಹೊಟ್ಟೆಉರಿ.

ಕೆರೆಯ ಮಾತು ಬಂತಲ್ಲ. ಲಿಂಗಾಂಬುಧಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿಯ ಹೆಸರಿನಲ್ಲಿ ಕಟ್ಟಿಸಿದರು. ಅಲ್ಲಿಗೆ ಕೊಳಚೆ ಸೇರುತ್ತಿದೆ ಅಂತ ವರ್ಷ ವರ್ಷ ಓದುತ್ತೇವೆ, ಹೆಜ್ಜಾರ್ಲೆ ಫೋಟೋ ಜೊತೆಗೆ. ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಯಲ್ಲಿ ಶುದ್ಧೀಕರಣ ಘಟಕಗಳಿವೆ. ಆದರೆ ಕೊಳಚೆ ಅಲ್ಲಿಗೆ ನಡೆದುಕೊಂಡು ಹೋಗೋದಿಲ್ಲ, ಪೈಪು ಬೇಕು. ಹಳೇ ಉಂಡುವಾಡಿಯಿಂದ ಕೆಆರ್‌ಎಸ್ ಹಿನ್ನೀರು ತಂದು ನಮಗೆಲ್ಲ ಕುಡಿಯಲು ಕೊಡುತ್ತೀರಿ ಅಂತ ಕಾಯುತ್ತಿದ್ದೇವೆ. ಬರಲಿ, ಬೋರಿನ ಗಡಸು ನೀರಿನಲ್ಲಿ ಬೇಳೆ ಬೇಯುತ್ತಿಲ್ಲ. ಆದರೆ ಟ್ಯಾಂಕರ್ ನೀರು ಎಣಿಸಿ ಬಳಸುವ ಮನೆಗಳಿಗೆ ನಲ್ಲಿ ಬಂದ ದಿನ ಎಂಟನೇ ಕ್ರಾಸಿನ ಮುಚ್ಚಳ ಮಳೆಗೂ ಕಾಯುವುದಿಲ್ಲ.

ಆದ್ದರಿಂದ ವಿಲೀನದ ಕಡತ ಮುಂದೆ ಹೋಗುವ ಮೊದಲು, ಪ್ರತಿ ಖಾಸಗಿ ಬಡಾವಣೆ ಇವತ್ತು ಯಾರ ಸುಪರ್ದಿನಲ್ಲಿದೆ, ಅದರ ಕೊನೆಯ ಮ್ಯಾನ್‌ಹೋಲ್ ಎಲ್ಲಿ, ಅಲ್ಲಿಂದ ಮುಂದೆ ಲೈನು ಇದೆಯೋ ಇಲ್ಲವೋ ಅಂತ ಎಂಜಿನಿಯರುಗಳಿಂದ ಬರೆಸಿ, ಕಚೇರಿ ಬಾಗಿಲಿಗೆ ಅಂಟಿಸಿ. ಲೈನು ಇಲ್ಲದ ಕಡೆ ಹೊಸ ಲೇಔಟಿಗೆ ಸೈಟು ಬಿಡುಗಡೆ ನಿಲ್ಲಿಸಿ. ಈ ಎರಡನೆಯದು ಕಷ್ಟ, ಯಾರ್‍ಯಾರ ಫೋನು ಬರುತ್ತದೆ ಅಂತ ನನಗೂ ಅಂದಾಜಿದೆ.

ದಸರೆಗೆ ಹೇಗೂ ಮೈಸೂರಿನಲ್ಲಿ ಇರುತ್ತೀರಿ. ಮಳೆ ಬಂದ ಒಂದು ಸಂಜೆ, ಹೇಳದೆ ಕೇಳದೆ ಬನ್ನಿ. ರಿಂಗ್ ರಸ್ತೆ ದಾಟಿ ಬೇವಿನ ಕೊಂಬೆಗೆ ಕೆಂಪು ಬಟ್ಟೆ ಕಟ್ಟಿದ್ದು ಕಂಡರೆ ಕಾರು ಅಲ್ಲೇ ನಿಲ್ಲಿಸಿ. ಅದು ನಮ್ಮ ಬೀದಿಯೇ ಆಗಿರಬೇಕೆಂದಿಲ್ಲ.

ಇಂತಿ,
ರಿಂಗ್ ರಸ್ತೆ ಆಚೆಗಿನ ಒಬ್ಬ ಕಂದಾಯದಾರ