ಮಾಡ್ಯೂಲ್ ಹಾಕಿದರಷ್ಟೇ ಸಾಲದು, ಲಾರಿಗೆ ಹೊಂದಿಸಬೇಕು

ಮಾನ್ಯ ಸಂಪಾದಕರೇ,

ನಾನು 22 ವರ್ಷದಿಂದ ಲಾರಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ಬಂದ ಒಂದು ಲಾರಿಯ ವಿಷಯ ಹೇಳಲೇಬೇಕು ಅನ್ನಿಸಿದೆ.

ಆ ಲಾರಿಯ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆ ದೀಪ ಆರುತ್ತಲೇ ಇರಲಿಲ್ಲ. ಬೇರೆ ಕಡೆ ಬ್ರೇಕಿನ ಎಲೆಕ್ಟ್ರಾನಿಕ್ ಮಾಡ್ಯೂಲ್, ಅಂದರೆ ಎಬಿಎಸ್ ನಡೆಸುವ ಪೆಟ್ಟಿಗೆ, ತೆಗೆದು, ಇನ್ನೊಂದು ಲಾರಿಯಿಂದ ಬಿಚ್ಚಿದ್ದನ್ನು ಕೂರಿಸಿದ್ದರು. ದೀಪ ಆರಲಿಲ್ಲ ಅಂತ ಚಕ್ರದ ನಾಲ್ಕೂ ಸೆನ್ಸರ್ ಬದಲಿಸಿದ್ದರು. ಕೊನೆಗೆ, ದೀಪದ ವೈರನ್ನೇ ಕಿತ್ತುಬಿಡೋಣ ಅಂದರಂತೆ. ಡ್ರೈವರ್ ಒಪ್ಪಲಿಲ್ಲ. ‘ಅಣ್ಣಾ, ಮಳೇಲಿ ಇಳಿಜಾರು ಇಳಿಸೋನು ನಾನು. ದೀಪ ಆರಿಸೋದು ಬೇಡ, ಬ್ರೇಕ್ ಸರಿ ಮಾಡಿಕೊಡಿ’ ಅಂದರು. ಎಬಿಎಸ್ ಇಲ್ಲದಿದ್ದರೂ ಗಾಳಿ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ನೆನೆದ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಲಾರಿ ಜಾರುತ್ತದೆ.

ದೋಷ ಓದುವ ಸ್ಕ್ಯಾನರ್ ಹಾಕಿದಾಗ ಗೊತ್ತಾಯಿತು. ಆ ಮಾಡ್ಯೂಲನ್ನು ಆರು ಎಬಿಎಸ್ ವಾಲ್ವ್ (ಬ್ರೇಕಿಗೆ ಹೋಗುವ ಗಾಳಿಯನ್ನು ಬಿಟ್ಟು ಹಿಡಿಯುವವು) ಇರುವ ಲಾರಿಗೆ ಹೊಂದಿಸಿದ್ದರು. ಈ ಲಾರಿಯಲ್ಲಿ ಇದ್ದದ್ದು ನಾಲ್ಕೇ. ಇಲ್ಲದ ಎರಡು ವಾಲ್ವಿಗಾಗಿ ಅದು ದೋಷ ತೋರಿಸುತ್ತಿತ್ತು. ಅದರೊಳಗಿದ್ದ ಚಾಸಿ ನಂಬರ್ ಬೇರೆ, ಟೈರಿನ ಅಳತೆಯೂ ಬೇರೆ. ಚಕ್ರದ ಹಲ್ಲಿನ ರಿಂಗನ್ನೂ ಟೈರಿನ ಸುತ್ತಳತೆಯನ್ನೂ ನಂಬಿಯೇ ಮಾಡ್ಯೂಲ್ ವೇಗ ಲೆಕ್ಕ ಹಾಕುವುದು. ಅಳತೆಯೇ ತಪ್ಪಿದ್ದರೆ ಲೆಕ್ಕ ಸರಿ ಬರುತ್ತದಾ? ನಾಲ್ಕು ಒಳ್ಳೆಯ ಸೆನ್ಸರ್ ಸುಮ್ನೆ ಗುಜರಿಗೆ ಹೋದವು.

ಪುಣ್ಯಕ್ಕೆ ಹಳೆಯ ಮಾಡ್ಯೂಲ್ ಕ್ಯಾಬಿನ್‌ನಲ್ಲೇ ಇತ್ತು. ಅದರೊಳಗಿನ ಸೆಟ್ಟಿಂಗ್ ಓದಲು ಬಂತು. 24 ವೋಲ್ಟ್ ಸಪೋರ್ಟ್ ಚಾರ್ಜರ್ ಕೊಟ್ಟು, ಹೆಡ್‌ಲೈಟ್, ಫ್ಯಾನ್ ಎಲ್ಲ ಆಫ್ ಮಾಡಿ, ಆ ಸೆಟ್ಟಿಂಗನ್ನು ಕೂರಿಸಿದ್ದ ಮಾಡ್ಯೂಲಿಗೆ ಪ್ರೋಗ್ರಾಮ್ ಮಾಡಿದೆ. ಈ ಚಾರ್ಜರ್ ವಿಷಯದಲ್ಲಿ ಉದಾಸೀನ ಜಾಸ್ತಿ. ಅರ್ಧದಲ್ಲಿ ವೋಲ್ಟೇಜ್ ಬಿದ್ದರೆ ಹೊಸ ಮಾಡ್ಯೂಲೂ ಕೆಟ್ಟು ಕೂರಬಹುದು.

ಆಮೇಲೆ ಹುಡುಗನಿಗೆ ಬ್ರೇಕ್ ಒತ್ತಿ ಹಿಡಿದು ಕೀ ಆನ್ ಮಾಡು ಅಂದೆ. ನಾನು ಹಿಂದಿನ ಆಕ್ಸಲ್ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಟಕ್, ಪುಸ್. ಒಂದಾದ ಮೇಲೊಂದು ನಾಲ್ಕೂ ವಾಲ್ವ್ ಉಸಿರು ಬಿಟ್ಟವು. ಸ್ವಲ್ಪ ದೂರ ಓಡಿಸಿದ ಮೇಲೆ ದೀಪವೂ ಆರಿತು.

ಮೆಕ್ಯಾನಿಕ್ ಸ್ನೇಹಿತರೇ, ಹಳೆಯ ಮಾಡ್ಯೂಲ್ ಬಿಚ್ಚುವ ಮೊದಲೇ ಅದರ ಸೆಟ್ಟಿಂಗ್ ಓದಿ ಬರೆದಿಟ್ಟುಕೊಳ್ಳಿ. ಲಾರಿಯಲ್ಲಿ ಸ್ಟೆಬಿಲಿಟಿ ಕಂಟ್ರೋಲ್ (ಲಾರಿ ಜಾರಿ ಹತೋಟಿ ತಪ್ಪದಂತೆ ತಡೆಯುವ ವ್ಯವಸ್ಥೆ) ಇದ್ದರೆ ಸ್ಟೀರಿಂಗ್ ಕೋನದ ಸೆನ್ಸರನ್ನೂ ಹೊಂದಿಸಿ. ಮಾಲೀಕರೇ, ಆ ಸೆಟ್ಟಿಂಗ್ ಹಾಳೆಯನ್ನು ಕೇಳಿ ಇಸಿದುಕೊಳ್ಳಿ, ಲಾರಿಯ ಕಾಗದಪತ್ರದ ಜೊತೆ ಇಡಿ.

ಹಳೆಯ ಮಾಡ್ಯೂಲ್ ಪೂರ್ತಿ ಸತ್ತಿದ್ದರೆ ಏನನ್ನೂ ಓದಲು ಬರುವುದಿಲ್ಲ. ಆಗ ಸರಿಯಾದ ಸೆಟ್ಟಿಂಗ್ ಸಿಗುವುದು ಹೆಚ್ಚಾಗಿ ಲಾರಿ ತಯಾರಿಸಿದ ಕಂಪನಿಯ ಹತ್ತಿರವೇ. ಚಾಸಿ ನಂಬರ್ ಕೊಟ್ಟರೆ ಹೊರಗಿನ ಗ್ಯಾರೇಜಿಗೂ ಆ ಮಾಹಿತಿ ಸಿಗುವಂತಾಗಲಿ. ಶುಲ್ಕ ತಗೊಂಡೇ ಕೊಡಲಿ, ಕಟ್ಟಲು ನಾವು ತಯಾರಿದ್ದೇವೆ.

— ಒಬ್ಬ ಲಾರಿ ಎಲೆಕ್ಟ್ರಿಷಿಯನ್