ಕ್ರೂರ–ಸಾಧು ಪಟ್ಟಿ ಕೈಬಿಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ಕಿರಿಯ ತರಗತಿಗಳ ಪಠ್ಯಪುಸ್ತಕ ಮುಂದಿನ ಸಲ ಪರಿಷ್ಕರಣೆಗೆ ಬಂದಾಗ ಪ್ರಾಣಿಗಳ ಪಾಠವನ್ನು ತಾವೇ ತೆರೆದು ನೋಡಬೇಕೆಂದು ಕೋರಿ ಈ ಪತ್ರ. ಒಂದು ಬದಿಗೆ ಕಾಡುಪ್ರಾಣಿ, ಇನ್ನೊಂದು ಬದಿಗೆ ಸಾಕುಪ್ರಾಣಿ. ಹುಲಿ ಕ್ರೂರ, ಹಸು ಸಾಧು. ಗೆರೆ ಎಳೆದು ಹೊಂದಿಸಿದರೆ ಪಾಠ ಮುಗಿಯಿತು. ನಾಯಿ ಸಾಧುಗಳ ಸಾಲಿನಲ್ಲಿದೆ. ಸೊಳ್ಳೆ ಯಾವ ಸಾಲಿನಲ್ಲೂ ಇಲ್ಲ.

ಐದಾರು ವರ್ಷದ ಮಕ್ಕಳು ಅಪಾಯವನ್ನು ಅಳೆಯುವುದು ಗಾತ್ರ, ಹಲ್ಲು, ಗರ್ಜನೆಗಳಿಂದ. ‘ಅಪಾಯದ ಪ್ರಾಣಿಯ ಚಿತ್ರ ಬಿಡಿಸಿ’ ಎಂದರೆ ಸಿಂಹ, ಹುಲಿ, ಮೊಸಳೆ ಬರುತ್ತವೆ. ಯಾಕೆ ಎಂದು ಕೇಳಿದರೆ ‘ಅದು ಕೆಟ್ಟದು’ ಎನ್ನುವವರೇ ಹೆಚ್ಚು. ಅವರಿಗೆ ಅಪಾಯವೆಂದರೆ ಪ್ರಾಣಿಯ ಗುಣ, ಸಂದರ್ಭವಲ್ಲ. ನಮ್ಮ ಪಟ್ಟಿ ಇದನ್ನು ತಿದ್ದುವ ಬದಲು ಮುದ್ರೆ ಒತ್ತಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ರೇಬೀಸ್‌ನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆ. ಮನುಷ್ಯರಿಗೆ ಅದು ತಗಲುವುದು ನೂರಕ್ಕೆ 99 ಸಲ ನಾಯಿಯಿಂದ. ಬಲಿಯಾಗುವವರಲ್ಲಿ ನೂರಕ್ಕೆ ಸುಮಾರು 40 ಜನ 15 ವರ್ಷದೊಳಗಿನ ಮಕ್ಕಳು. ಹಾವು ಕಡಿದು ವರ್ಷಕ್ಕೆ ಸಾಯುವವರು 81,000ದಿಂದ 1,38,000. ಸೊಳ್ಳೆ ಹರಡುವ ಮಲೇರಿಯಾ 2023ರಲ್ಲಿ ಬಲಿ ಪಡೆದದ್ದು ಸುಮಾರು 5,97,000 ಜನರನ್ನು.

ಈ ವಯಸ್ಸಿನಲ್ಲಿ ಕೇಳಿದ್ದು ಮನಸ್ಸಿಗೆ ಬೇಗ ಅಂಟುತ್ತದೆ. ಕ್ಲಾರ್ಕ್ ಬ್ಯಾರೆಟ್ ಮತ್ತು ಜೇಮ್ಸ್ ಬ್ರೋಶ್ ಎಂಬ ಸಂಶೋಧಕರು ಈಕ್ವೆಡಾರ್‌ನ ಶುವಾರ್ ಬುಡಕಟ್ಟಿನ ಮಕ್ಕಳಿಗೂ ಲಾಸ್ ಏಂಜಲೀಸ್‌ನ ಮಕ್ಕಳಿಗೂ ಗುರುತಿಲ್ಲದ ಪ್ರಾಣಿಗಳ ಚಿತ್ರ ತೋರಿಸಿ, ಹೆಸರು, ಆಹಾರ, ಅಪಾಯ ಮೂರನ್ನೂ ಹೇಳಿದ್ದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ವಾರ ಕಳೆದ ಮೇಲೂ ಉಳಿದ ಮಾತುಗಳಲ್ಲಿ ಅಪಾಯದ್ದೇ ಮೇಲುಗೈ. ಹಾಗಾದರೆ ನಾವು ತಪ್ಪಾಗಿ ಅಂಟಿಸಿದ ಚೀಟಿಯೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ.

ನಾಯಿಯ ವಿಷಯವನ್ನೇ ನೋಡಿ. ಹಲ್ಲು ತೋರಿಸಿ ಗುರುಗುಡುವ ನಾಯಿ ನಗುತ್ತಿದೆ ಎಂದುಕೊಳ್ಳುವ ನಾಲ್ಕು ವರ್ಷದ ಮಕ್ಕಳು ಅನೇಕ. (ನಮ್ಮ ಭಾಷೆಯಲ್ಲೂ ನಗುವವನೂ ‘ಹಲ್ಲು ಕಿರಿಯುತ್ತಾನೆ’, ಕೆರಳಿದ ನಾಯಿಯೂ ‘ಹಲ್ಲು ಕಿರಿಯುತ್ತದೆ’, ಮಕ್ಕಳನ್ನು ದೂರುವುದು ಹೇಗೆ?) ಅವರು ಮುಖವನ್ನೇ ನಾಯಿಯ ಬಳಿ ಒಯ್ಯುತ್ತಾರೆ. ಚಿಕ್ಕ ಮಕ್ಕಳಿಗೆ ಕಡಿತ ಹೆಚ್ಚಾಗಿ ತಲೆ, ಮುಖ, ಕತ್ತಿಗೆ ಬೀಳಲು ಇದೂ ಒಂದು ಕಾರಣ, ಅವರ ಎತ್ತರ ಇನ್ನೊಂದು. ಕಡಿಯುವುದು ಬಹಳ ಸಲ ಗುರುತಿನ ನಾಯಿಯೇ.

ಪಟ್ಟಿಯ ಜಾಗಕ್ಕೆ 40 ನಿಮಿಷದ ಒಂದು ತರಗತಿ ಸಾಕು. ಮೊದಲು ಎಂಟು ಚಿತ್ರ ಕೊಟ್ಟು ಮಕ್ಕಳೇ ವಿಂಗಡಿಸಲಿ; ಶಿಕ್ಷಕರು ತಿದ್ದದೆ ಬರೀ ‘ಯಾಕೆ?’ ಎಂದು ಕೇಳಲಿ. ಆಮೇಲೆ ಒಂದೇ ನಾಯಿ ನಾಲ್ಕು ಸ್ಥಿತಿಯಲ್ಲಿ: ಊಟ ಮಾಡುತ್ತ, ಮಲಗಿ, ಮರಿಗಳ ಜೊತೆ, ಸರಪಳಿಯಲ್ಲಿ. ಪ್ರಾಣಿ ಅದೇ, ಅಪಾಯ ಬೇರೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಉಳಿದ ಹೊತ್ತು ಮೈಯಿಂದ ಕಲಿಯಲು. ನಾಯಿ ಹತ್ತಿರ ಬಂದರೆ ಓಡದೆ, ಕಿರುಚದೆ, ಕೈಗಳನ್ನು ಮೈಗೆ ಒತ್ತಿ, ಕಣ್ಣು ನೆಲಕ್ಕೆ ನೆಟ್ಟು ಮರದಂತೆ ನಿಲ್ಲುವುದು. ಬಿದ್ದರೆ ಉಂಡೆಯಾಗಿ ಮುದುರಿ ಕತ್ತು, ಕಿವಿ ಮುಚ್ಚಿಕೊಳ್ಳುವುದು. ಹಾವಿಗೆ: ನಿಲ್ಲು, ಹಿಂದೆ ಸರಿ, ದೊಡ್ಡವರಿಗೆ ಹೇಳು. ಸತ್ತಂತೆ ಕಂಡ ಹಾವನ್ನೂ ಮುಟ್ಟಬಾರದು, ಕಡಿದು ಬಿದ್ದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಪುಸ್ತಕದಲ್ಲಿ ಹೆಡೆ ಎತ್ತಿದ ನಾಗರಹಾವೊಂದೇ ಇದ್ದರೆ ಹೆಡೆ ಇಲ್ಲದ್ದೆಲ್ಲ ಸುರಕ್ಷಿತ ಎಂದಾಗುತ್ತದೆ. ಹೆಡೆ ಮಡಚಿ ಹರಿಯುವ ಚಿತ್ರವೂ ಬೇಕು.

ಈ ಪಾಠ ಕೆಡುವುದು ಎರಡು ಕಡೆ. ಅತಿಯಾಗಿ ಹೆದರಿಸಿದರೆ ಮಗು ನಾಯಿ ಕಂಡೊಡನೆ ಓಡುತ್ತದೆ, ಓಡುವುದನ್ನು ನಾಯಿ ಬೆನ್ನಟ್ಟುತ್ತದೆ. ಬೈದು ಕಲಿಸಿದರೆ ಕಚ್ಚಿಸಿಕೊಂಡ ಮಗು ಗಾಯ ಮುಚ್ಚಿಡುತ್ತದೆ. ಇದು ಇನ್ನೂ ಕೆಟ್ಟದ್ದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂಬಷ್ಟು ಅಪರೂಪ; ಗಾಯವನ್ನು ತಕ್ಷಣ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಲಸಿಕೆ ಹಾಕಿಸಿದರೆ ತಪ್ಪಿಸಬಹುದು. ಪರಚಿದರೂ, ಗಾಯ ನೆಕ್ಕಿದರೂ ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ ಎಂಬ ಸಾಲು ಪಾಠದಲ್ಲೇ ಅಚ್ಚಾಗಲಿ. ಪೋಷಕರ ಸಭೆಯಲ್ಲೂ ಅದನ್ನೇ ಓದಿ ಹೇಳಲಿ.

ಪರೀಕ್ಷೆಗೆ ಈ ಪಾಠದಿಂದ ಪ್ರಶ್ನೆ ಬೇಡ. ಸರಿಯುತ್ತರ ಬರೆದ ಮಗುವೂ ನಾಯಿ ಎದುರಾದಾಗ ಓಡಬಹುದು. ಅಂಕದ ಬದಲು ವಾರದ ಬಳಿಕ ಒಮ್ಮೆ, ತಿಂಗಳ ಬಳಿಕ ಒಮ್ಮೆ ಐದು ನಿಮಿಷ ಆ ‘ಮರ’ವನ್ನು ಮತ್ತೆ ನಿಲ್ಲಿಸಿ ನೋಡುವಂತೆ ಸುತ್ತೋಲೆಯಲ್ಲಿ ಬರೆಯಿಸಿ.

ಇಂತಿ,
ಕಿರಿಯ ತರಗತಿಗಳ ಶಿಕ್ಷಕರು